ಎನ್‌ಎಸ್‌ಎಸ್: 240 ಗಂಟೆಯ ಲೆಕ್ಕ ಮತ್ತು ಒಂದು ಚರಂಡಿ

ಎನ್‌ಎಸ್‌ಎಸ್ ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ವಿದ್ಯಾರ್ಥಿಗಳು ಸಮುದಾಯಸೇವೆ ಮಾಡುವ ಯೋಜನೆ. ಅದು ಹೇಗೆ ಶುರುವಾಯಿತು, ಗಂಟೆಗಳ ಲೆಕ್ಕ ಹೇಗೆ, ಸಮುದಾಯಕ್ಕೂ ಸ್ವಯಂಸೇವಕರಿಗೂ ಏನು ಲಾಭ ಎಂಬ ಪ್ರಶ್ನೆಗಳಿಗೆ, ಘಟಕಕ್ಕೆ ಹೊಸದಾಗಿ ಸೇರಿದವರಿಗಾಗಿ, ನನ್ನ ಟಿಪ್ಪಣಿ ಪುಸ್ತಕದಿಂದ.

ಆರಂಭ: 1969ರ ಸೆಪ್ಟೆಂಬರ್ 24, ಗಾಂಧಿ ಜನ್ಮಶತಾಬ್ದಿ ವರ್ಷ. 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್, ಮುಂದೆ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಕಟ್ಟಿದವರೂ ಇವರೇ. ಲಾಂಛನ ಕೋನಾರ್ಕದ ರಥಚಕ್ರ. ಎಂಟು ಅರ ಅಂದರೆ 24 ಗಂಟೆ. ದಿನಕ್ಕೆ ಎಂಟು ಜಾವ ಎಂದುಕೊಂಡರೆ ಮರೆಯುವುದಿಲ್ಲ.

ನನಗೆ ತೊಡಕಾಗಿದ್ದು ಗಂಟೆಗಳ ಲೆಕ್ಕ. ಸೇವೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ವಿಶೇಷ ಶಿಬಿರ ಏಳು ದಿನ. 7×24 = 168, ಹಾಗಾದರೆ ಒಂದು ಶಿಬಿರಕ್ಕೆ ಹೋದರೆ ವರ್ಷದ ಪಾಲು ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲ. ಶಿಬಿರದ ಖಾತೆ ಬೇರೆ, ನಿತ್ಯದ ಚಟುವಟಿಕೆಯ ಖಾತೆ ಬೇರೆ. ಪ್ರಮಾಣಪತ್ರಕ್ಕೆ 240 ಗಂಟೆಯೂ ಬೇಕು, ಒಂದು ಶಿಬಿರವೂ ಬೇಕು. ಅದರದ್ದು ಇದಕ್ಕೆ ಜಮೆಯಾಗುವುದಿಲ್ಲ.

ಮೊದಲ ವರ್ಷದ 120ಕ್ಕೆ ನನ್ನ ಸೂತ್ರ 20–30–70. 20 ತರಬೇತಿ, 30 ಕಾಲೇಜು ಆವರಣ, 70 ಸಮುದಾಯ. ಇದರಲ್ಲಿ 30 ಗರಿಷ್ಠ ಮಿತಿ. ಅಂಗಳ ಗುಡಿಸಿ, ಗಿಡಕ್ಕೆ ನೀರು ಹಾಕಿದರೆ ಅನುಕೂಲ ನಮ್ಮ ಕಾಲೇಜಿಗೇ. ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಅದಕ್ಕೇ ದೊಡ್ಡ ಪಾಲು ಗೇಟಿನ ಆಚೆಗೆ.

ಸಮುದಾಯಕ್ಕೆ ಲಾಭ: ಶ್ರಮದಾನ, ಆರೋಗ್ಯ ತಪಾಸಣೆ, ರಕ್ತದಾನ, ಸಾಕ್ಷರತೆ. ಪಟ್ಟಿ ಎಲ್ಲರಿಗೂ ಬರುತ್ತದೆ. ಆದರೆ ಕೆಲಸ ಯಾರನ್ನು ಕೇಳಿ ಮಾಡಿದೆವು ಅನ್ನುವುದರ ಮೇಲೆ ಲಾಭ ನಿಂತಿದೆ. ನಮ್ಮ ಶಿಬಿರದಲ್ಲಿ ಎರಡು ದಿನ ಚರಂಡಿ ಹೂಳೆತ್ತಿ ದಂಡೆಯ ಮೇಲೇ ಗುಡ್ಡೆ ಹಾಕಿದೆವು. ಮೂರನೆಯ ರಾತ್ರಿ ಮಳೆ. ಬೆಳಿಗ್ಗೆ ಅರ್ಧ ಹೂಳು ಮತ್ತೆ ಒಳಗೆ. ಎದುರು ಮನೆ ಅಜ್ಜಿ, “ಮಗಾ, ಎತ್ತಿದ್ದನ್ನ ಸಾಗಿಸ್ಬೇಕಲ್ವಾ? ನಮ್ಮನ್ನ ಕೇಳಿದ್ರೆ ಟ್ರ್ಯಾಕ್ಟರ್ ಯಾರದು ಅಂತ ಹೇಳ್ತಿದ್ವಿ” ಅಂದರು. ಆ ಮಧ್ಯಾಹ್ನ ಟ್ರ್ಯಾಕ್ಟರ್ ಬಂತು, ಜೊತೆಗೆ ಬೀದಿಯ ಆರೇಳು ಜನ ಸಲಿಕೆ ಹಿಡಿದು ಬಂದರು.

ಸ್ವಯಂಸೇವಕರಿಗೆ ಲಾಭ ಎಂಬ ಪ್ರಶ್ನೆಗೆ ‘ವ್ಯಕ್ತಿತ್ವ ವಿಕಸನ’ ಎಂದಷ್ಟೇ ಬರೆದು ಬಿಡಬೇಡಿ, ಹೇಗೆ ಅನ್ನುವುದನ್ನೂ ಬರೆಯಿರಿ. ನಾನಾದರೆ ಅಜ್ಜಿಯ ಮಾತನ್ನೇ ಬರೆಯುತ್ತೇನೆ. ನಾಲ್ಕನೆಯ ದಿನ ಶೌಚಾಲಯ ಸಮೀಕ್ಷೆಗೆ ಹೊರಟಾಗ ನಮೂನೆಯನ್ನು ಚೀಲದಲ್ಲೇ ಇಟ್ಟುಕೊಂಡು, ಮೊದಲು ಜಗಲಿಯ ಮೇಲೆ ಕೂತು ಮಾತಾಡಿದೆವು.