ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ

ಹೋದ ಮಳೆಗಾಲದ ಮಾತು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಮೇಲಿನ ಮನೆಯ ಕುಂದಾಪುರದ ಅಕ್ಕ, ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಎಂದರು. ಯಾರದೋ ಮಾತು ಕೇಳಿ ಮೀಟರ್ ಪೆಟ್ಟಿಗೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅವರ ಯಜಮಾನರು ಮಾತ್ರ ನಿಶ್ಚಿಂತೆಯಾಗಿದ್ದರು. "ಹೊಸ ಎಂಸಿಬಿ ಹಾಕಿಸಿದ್ದೇವೆ ಮಾರಾಯ್ರೆ. ಏನಾದ್ರೂ ಆದ್ರೆ ಅದೇ ಬೀಳ್ತದೆ."

ನನಗೆ ನಿಂಬೆಹಣ್ಣಿಗಿಂತ ಈ ಮಾತಿನಿಂದಲೇ ಜಾಸ್ತಿ ಹೆದರಿಕೆಯಾಯಿತು. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್ಚು, ಅಷ್ಟೇ.

ಲೆಕ್ಕ ಹಾಕೋಣ. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದುಕೊಳ್ಳಿ. ಮನೆಯ ಕರೆಂಟು 230 ವೋಲ್ಟ್. ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಇದು ಎದೆಬಡಿತ ಕೆಡಿಸಿ ಕೊಲ್ಲಲು ಸಾಕು. ಆದರೆ ಗೀಸರ್‌ನ ಎಂಸಿಬಿ 16 ಆಂಪಿಯರ್‌ನದು, ಅಂದರೆ 16,000 ಮಿಲಿಆಂಪಿಯರ್. ಹಳೇ 60 ವ್ಯಾಟ್ ಬಲ್ಬು ಎಳೆಯುವುದೇ ಸುಮಾರು 260. ಎಂಸಿಬಿಯ ಪಾಲಿಗೆ ಸಾಯುತ್ತಿರುವ ಮನುಷ್ಯ ಒಂದು ಬಲ್ಬಿಗಿಂತ ಚಿಕ್ಕವನು! ವೈರು ಕಾದು ಬೆಂಕಿ ಹತ್ತದಿರಲಿ ಎಂಬುದೊಂದೇ ಅದರ ಕೆಲಸ. ಹಳೇ ಕಿಟ್‌ಕ್ಯಾಟ್ ಫ್ಯೂಸಿನದೂ ಅದೇ ಕೆಲಸ.

ಮೈ ಕಾಯುವುದು ಬೇರೆಯೇ ಸಾಧನ, ಆರ್‌ಸಿಸಿಬಿ. ಅದರ ಉಪಾಯ ನನಗೆ ಎಷ್ಟು ಸಲ ಹೇಳಿದರೂ ಸಾಲದು. ಅದು ಕರೆಂಟು ಎಷ್ಟು ಹರಿಯಿತು ಎಂದು ನೋಡುವುದೇ ಇಲ್ಲ. ಹೋದದ್ದೆಲ್ಲ ವಾಪಸ್ ಬಂತೇ ಎಂದಷ್ಟೇ ನೋಡುತ್ತದೆ. ಮಾಟುಂಗದ ಉಡುಪಿ ಹೋಟೆಲ್‌ನಲ್ಲಿ ನೂರು ತಟ್ಟೆ ಹೊರಗೆ ಹೋದರೆ ನೂರೂ ತೊಳೆಯಲು ಬರಬೇಕು. ತೊಂಬತ್ತೊಂಬತ್ತೇ ಬಂದರೆ ಒಂದು ಎಲ್ಲೋ ದಾರಿ ತಪ್ಪಿದೆ, ಅಲ್ವಾ? ಪೆಟ್ಟಿಗೆಯೊಳಗೆ ಒಂದು ಲೋಹದ ಬಳೆಯಿದೆ. ಫೇಸ್, ನ್ಯೂಟ್ರಲ್ ಎರಡೂ ಅದರೊಳಗಿಂದಲೇ ಹಾದುಹೋಗುತ್ತವೆ. ಒಂದರಲ್ಲಿ ಕರೆಂಟು ಹೋಗುತ್ತದೆ, ಇನ್ನೊಂದರಲ್ಲಿ ಮರಳುತ್ತದೆ. ಎರಡರ ಕಾಂತಬಲವೂ ಎದುರುಬದುರು. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲವಿದ್ದರೆ ಹಗ್ಗ ಅಲ್ಲಾಡುವುದಿಲ್ಲ. ಒಂದಿಷ್ಟು ಕರೆಂಟು ನಿಮ್ಮ ಮೈ ಮೂಲಕ ನೆಲಕ್ಕೆ ಇಳಿದರೆ ಒಂದು ಕಡೆಯ ಬಲ ತಗ್ಗುತ್ತದೆ. ಬಳೆಗೆ ಸುತ್ತಿದ ಮೂರನೇ ತಂತಿಯಲ್ಲಿ ಆಗ ಕರೆಂಟು ಹುಟ್ಟಿ ಸ್ಪ್ರಿಂಗಿನ ಕೊಂಡಿ ಬಿಡಿಸುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸಕ್ಕೆ 0.3 ಸೆಕೆಂಡಿನೊಳಗೆ ಬೀಳಲೇಬೇಕು. ವ್ಯತ್ಯಾಸ ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ. ಒಂದು ಕೈ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿದರೆ ಮಾತ್ರ ಅದಕ್ಕೂ ತಿಳಿಯುವುದಿಲ್ಲ. ಅಲ್ಲಿ ತಟ್ಟೆಗಳ ಲೆಕ್ಕ ಸರಿಯಾಗಿಯೇ ಇರುತ್ತದಲ್ಲ!

"ಕರೆಂಟ್ ಎಳೆದುಕೊಳ್ಳುತ್ತೆ" ಅನ್ನುತ್ತಾರೆ. ಎಳೆಯುವುದು ಕರೆಂಟಲ್ಲ, ಬಿಗಿದುಕೊಂಡ ನಮ್ಮದೇ ಸ್ನಾಯು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯೆಲ್ ಎಂಬ ಪ್ರಾಧ್ಯಾಪಕರು ಸ್ವಯಂಸೇವಕರ ಕೈಗೆ ತಂತಿ ಹಿಡಿಸಿ ಇದನ್ನು ಅಳೆದರು. 134 ಗಂಡಸರು, 28 ಹೆಂಗಸರು. ಗಂಡಸರು ಸರಾಸರಿ 16 ಮಿಲಿಆಂಪಿಯರ್‌ವರೆಗೆ ಕೈ ಬಿಡಿಸಿಕೊಳ್ಳಬಲ್ಲರು, ಹೆಂಗಸರು ಸುಮಾರು 10.5. ಅದೇ ಡಾಲ್ಜಿಯೆಲ್ 1961ರಲ್ಲಿ, ಐದೇ ಮಿಲಿಆಂಪಿಯರ್ ಸೋರಿದರೂ ಬೀಳುವ ಸಾಧನ ಮಾಡಿದರು. ಮುಂಬೈಯಲ್ಲಿ ವಿದ್ಯುತ್ ಟ್ರಾಮ್ ಓಡಿದ್ದು 1907ರಲ್ಲಿ. ಊರಿಗೆ ಕರೆಂಟು ಬಂದು ಎಷ್ಟು ವರ್ಷದ ಮೇಲೆ ಮೈ ಕಾಯುವ ಬುದ್ಧಿ ಬಂತು ನೋಡಿ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಲ್ಲಿ ಮನೆಗಳಿಗೆ ಸೋರಿಕೆಯ ಮಿತಿ ಇದೇ 30 ಮಿಲಿಆಂಪಿಯರ್. ಆದರೂ ಮುಂಬೈಯ ಹಳೇ ಸಾಲುಮನೆಗಳಲ್ಲಿ, ಅಂದರೆ ಚಾಳುಗಳಲ್ಲಿ, ಈ ಸಾಧನ ಸಿಗುವುದೇ ಅಪರೂಪ. ಶಾಕ್ ಹೊಡೆದವರನ್ನು ಮಣ್ಣಲ್ಲಿ ಹೂಳಿದರೆ ಕರೆಂಟು ಇಳಿಯುತ್ತದೆ ಎಂದು ನಂಬುವವರು ಇನ್ನೂ ಇದ್ದಾರೆ. ಸಂಪರ್ಕ ತಪ್ಪಿದ ಮೇಲೆ ಮೈಯಲ್ಲಿ ಕರೆಂಟು ಉಳಿಯುವುದೇ ಇಲ್ಲ. ಎದೆ ಒತ್ತಬೇಕಾದ ನಿಮಿಷಗಳು ಗುಂಡಿ ತೋಡುವುದರಲ್ಲಿ ಹೋಗುತ್ತವೆ.

ಅಕ್ಕನ ಮನೆಗೆ ಆರ್‌ಸಿಸಿಬಿ ಬಂತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ತಂತಿ ಕಿತ್ತುಹೋಗಿತ್ತು, ಅದನ್ನೂ ಜೋಡಿಸಿದರು. ಗೀಸರ್ ಹಾಕಿದ ಕೂಡಲೇ ಟಪ್ ಎಂದು ಬಿತ್ತು. ಮತ್ತೆ ಎತ್ತಿದರೆ ಮತ್ತೆ ಬಿತ್ತು. ಪೆಟ್ಟಿಗೆಯೇ ಖರಾಬ್ ಇದೆ, ತೆಗೆದುಬಿಡೋಣ ಎಂದ ಎಲೆಕ್ಟ್ರಿಷಿಯನ್. ಬೇಡ, ಮೊದಲು ಗೀಸರ್ ಬಿಚ್ಚು ಎಂದೆ. ನೀರು ಕಾಯಿಸುವ ಎಲಿಮೆಂಟಿನ ತಾಮ್ರದ ಕೊಳವೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕಿತ್ತು.