ಕೆಪಿ: ಅರೋರಾ ನೋಡಲು ಹೊರಟವರಿಗೆ ಎದುರಾಗುವ ಅಂಕೆ

ಚಳಿಗಾಲದಲ್ಲಿ ನಾರ್ವೆಗೋ ಫಿನ್ಲೆಂಡಿಗೋ ಹೋಗಿ ನಾರ್ದರ್ನ್ ಲೈಟ್ಸ್, ಅಂದರೆ ರಾತ್ರಿ ಆಕಾಶದಲ್ಲಿ ಹೊಳೆಯುವ ಅರೋರಾ ಬೆಳಕು, ನೋಡಬೇಕು ಅನ್ನುವ ಆಸೆ ಈಗ ಮೈಸೂರಿನಲ್ಲೂ ಹಲವರಿಗಿದೆ. ಮೊಬೈಲಿಗೆ ಒಂದು ಅರೋರಾ ಆ್ಯಪ್ ಹಾಕಿಕೊಂಡರೆ ಮೊದಲು ಕಣ್ಣಿಗೆ ಬೀಳುವ ಪದ ಕೆಪಿ (Kp). ‘ಕೆಪಿ 2’ ಅಂತ ತೋರಿಸಿದರೆ ಮನಸ್ಸು ಸಪ್ಪಗಾಗುತ್ತದೆ. ಆದರೆ ಉತ್ತರ ನಾರ್ವೆಯ ಟ್ರೋಮ್ಸೋದಲ್ಲಿ ನಿಂತವರು ಅಷ್ಟಕ್ಕೆ ಬೇಜಾರಾಗಬೇಕಿಲ್ಲ.

ಸೂರ್ಯನಿಂದ ವಿದ್ಯುದಾವೇಶ ಹೊತ್ತ ಕಣಗಳ ಗಾಳಿ, ಅಂದರೆ ಸೌರಗಾಳಿ, ಸದಾ ಬೀಸುತ್ತಿರುತ್ತದೆ. ಅದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ. ಆ ಅಲುಗಾಟ ಎಷ್ಟು ಜೋರಾಗಿತ್ತು ಅನ್ನುವುದನ್ನು 0ಯಿಂದ 9ರವರೆಗಿನ ಅಂಕೆಯಲ್ಲಿ ಹೇಳುವುದೇ ಕೆಪಿ ಸೂಚ್ಯಂಕ. ಜರ್ಮನಿಯ ಯೂಲಿಯಸ್ ಬಾರ್ಟೆಲ್ಸ್ 1949ರಲ್ಲಿ ಇದನ್ನು ಬಳಕೆಗೆ ತಂದರು. ಬೇರೆ ಬೇರೆ ದೇಶಗಳ 13 ವೀಕ್ಷಣಾಲಯಗಳ ಅಳತೆ ಸೇರಿಸಿ, ಪ್ರತಿ 3 ಗಂಟೆಗೆ ಒಂದು ಅಂಕೆ ಕೊಡುತ್ತಾರೆ. 5 ಮುಟ್ಟಿದರೆ ಅದು ಕಾಂತ ಬಿರುಗಾಳಿ.

ಈಗ ಮುಖ್ಯ ವಿಷಯ. ಅರೋರಾ ಉಂಟಾಗುವುದು ಭೂಮಿಯ ಕಾಂತಧ್ರುವದ ಸುತ್ತ, ಉಂಗುರದ ಆಕಾರದ ಪಟ್ಟಿಯಲ್ಲಿ. ಕೆಪಿ ಒಂದಂಕೆ ಏರಿದರೆ ಆ ಉಂಗುರದ ದಕ್ಷಿಣದ ಅಂಚು ಹೆಚ್ಚುಕಡಿಮೆ 2 ಡಿಗ್ರಿ ಅಕ್ಷಾಂಶದಷ್ಟು ದಕ್ಷಿಣಕ್ಕೆ ಸರಿಯುತ್ತದೆ. ನಾರ್ವೆಯ ಟ್ರೋಮ್ಸೋ, ಸ್ವೀಡನ್ನಿನ ಅಬಿಸ್ಕೋ ಕೆಪಿ 1, 2 ಇದ್ದಾಗಲೂ ಈ ಪಟ್ಟಿಯ ಹತ್ತಿರವೇ ಇರುತ್ತವೆ. ದೊಡ್ಡ ಕೆಪಿ ಬೇಕಾಗುವುದು ಸ್ಕಾಟ್ಲೆಂಡ್, ಜರ್ಮನಿಯಂಥ ಕಡೆ ಕಾದು ಕೂತವರಿಗೆ. 2024ರ ಮೇ 10ರ ರಾತ್ರಿ ಕೆಪಿ 9 ಮುಟ್ಟಿತ್ತು. ಆಗ ಲಡಾಖಿನ ಹಾನ್ಲೆಯಲ್ಲಿರುವ ಖಗೋಳ ವೀಕ್ಷಣಾಲಯದ ಕ್ಯಾಮೆರಾಗಳಲ್ಲೂ ಕೆಂಪು ಬೆಳಕು ಸೆರೆಯಾಯಿತು. ಆ ವೀಕ್ಷಣಾಲಯ ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅನ್ನುವುದು ಖುಷಿಯ ಸಂಗತಿ. ಮೈಸೂರು ಇರುವುದು 12 ಡಿಗ್ರಿ ಉತ್ತರದಲ್ಲಿ, ಕಾಂತೀಯ ಸಮಭಾಜಕಕ್ಕೂ ಹತ್ತಿರ. ಹಾಗಾಗಿ ಚಾಮುಂಡಿ ಬೆಟ್ಟದಿಂದ ಅರೋರಾ ಕಾಣುವ ಆಸೆ ಬೇಡ.

ಮಂಡ್ಯದವರಿಗೆ ಕನ್ನಂಬಾಡಿ ಕಟ್ಟೆಯ ಮಟ್ಟ ಇದ್ದ ಹಾಗೆ ಈ ಕೆಪಿ. ಕಟ್ಟೆ 124 ಅಡಿ ಮುಟ್ಟಿತು ಅಂದರೆ ಎಲ್ಲರಿಗೂ ಸಂತೋಷವೇ. ಆದರೆ ನಾಲೆಗೆ ಬಿಟ್ಟ ನೀರು ಕೊನೆ ಭಾಗದ ಗದ್ದೆ ತಲುಪಬೇಕಲ್ವಾ? ಕೆಪಿ ಕೂಡ ಇಡೀ ಭೂಮಿಯ ಲೆಕ್ಕ. ಅರೋರಾ ಹೊಳೆಯುವುದು ನೆಲದಿಂದ ಸುಮಾರು 100 ಕಿಲೋಮೀಟರ್ ಮೇಲೆ. ಮೋಡ ಅದಕ್ಕಿಂತ ಎಷ್ಟೋ ಕೆಳಗೆ. ನಿಮ್ಮ ತಲೆ ಮೇಲೆ ಮೋಡ ಕವಿದಿದ್ದರೆ ಕೆಪಿ 7 ಇದ್ದರೂ ಏನೂ ಕಾಣುವುದಿಲ್ಲ.

ಆದ್ದರಿಂದ ಪ್ರವಾಸದ ತಾರೀಖನ್ನು ಕೆಪಿ ನೋಡಿ ಗೊತ್ತು ಮಾಡಲು ಹೋಗಬೇಡಿ. ವಿಮಾನದ ಟಿಕೆಟ್ಟು, ವೀಸಾ ಎಲ್ಲ ತಿಂಗಳುಗಟ್ಟಲೆ ಮುಂಚೆ ಆಗಬೇಕು. ಕೆಪಿ ಮುನ್ಸೂಚನೆ ನಂಬುವ ಹಾಗಿರುವುದು ಎರಡು ಮೂರು ದಿನದ ಮಟ್ಟಿಗೆ. ಸೂರ್ಯ ಸುಮಾರು 27 ದಿನಕ್ಕೊಮ್ಮೆ ತಿರುಗಿ ಅದೇ ಮುಖ ತೋರಿಸುವುದರಿಂದ ಒಂದು ತಿಂಗಳ ಅಂದಾಜು ಸಿಗುತ್ತದೆ, ಅದೂ ಬರೀ ಅಂದಾಜು. ಅದರ ಬದಲು ರಾತ್ರಿಗಳನ್ನು ಜಾಸ್ತಿ ಇಟ್ಟುಕೊಳ್ಳಿ. ಒಂದೇ ರಾತ್ರಿ ಇಟ್ಟುಕೊಂಡು ಅಷ್ಟು ದೂರ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ಟ್ರೋಮ್ಸೋ ಕರಾವಳಿಯ ಊರು, ಅಲ್ಲಿ ಮೋಡ ಸಾಮಾನ್ಯ. ಅದಕ್ಕೇ ಅಲ್ಲಿನ ಗೈಡುಗಳು ಮೋಡವಿಲ್ಲದ ಜಾಗ ಹುಡುಕಿ ಒಳನಾಡಿನ ಕಡೆ ಗಾಡಿ ಓಡಿಸುತ್ತಾರೆ. ಅಬಿಸ್ಕೋದಲ್ಲಿ ಬೆಟ್ಟಗಳು ಮೋಡ ತಡೆಯುವುದರಿಂದ ಆಕಾಶ ತಿಳಿಯಾಗಿರುವುದು ಹೆಚ್ಚು.

ಅಲ್ಲಿಗೆ ತಲುಪಿದ ಮೇಲೆ ಕೆಪಿ ಪಕ್ಕದಲ್ಲೇ ಬಿಜಡ್ (Bz) ಅನ್ನುವ ಇನ್ನೊಂದು ಅಂಕೆ ನೋಡಿ. ಸೌರಗಾಳಿ ಹೊತ್ತು ತರುವ ಕಾಂತಕ್ಷೇತ್ರ ಯಾವ ಕಡೆ ವಾಲಿದೆ ಅಂತ ಅದು ಹೇಳುತ್ತದೆ. ಮೈನಸ್ ಇದ್ದರೆ, ಅಂದರೆ ದಕ್ಷಿಣಕ್ಕೆ ವಾಲಿದ್ದರೆ, ಒಳ್ಳೆಯದು. ಇದನ್ನು ಅಳೆಯುವ ಉಪಗ್ರಹಗಳು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿವೆ. ನಮ್ಮ ಆದಿತ್ಯ-ಎಲ್1 ಕೂಡ ಅದೇ ಜಾಗದಲ್ಲಿದೆ. ಅಲ್ಲಿಂದ ಸೌರಗಾಳಿ ಭೂಮಿಗೆ ಬರಲು ಸಾಮಾನ್ಯವಾಗಿ ಸುಮಾರು ಒಂದು ಗಂಟೆ ಸಾಕು. ಆಕಾಶ ಒಮ್ಮೆಲೇ ಹೊಳೆದು ಹತ್ತಿಪ್ಪತ್ತು ನಿಮಿಷದಲ್ಲಿ ಆರಿಹೋಗಬಹುದು. 3 ಗಂಟೆಯ ಕೆಪಿಯಲ್ಲಿ ಅದು ಗೊತ್ತೇ ಆಗುವುದಿಲ್ಲ.

ಟ್ರೋಮ್ಸೋದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ, ಕತ್ತಲೆ ಧಾರಾಳ. ಆದರೆ ಕೆಪಿ ಹೆಚ್ಚಾಗಿ ಏರುವುದು ಹಗಲು ರಾತ್ರಿ ಸಮ ಇರುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ. ಹಿಮ ಕಡಿಮೆಯಾದರೂ ಪರವಾಗಿಲ್ಲ ಅನ್ನುವವರಿಗೆ ಮಕ್ಕಳ ದಸರಾ ರಜೆಯೂ ಒಳ್ಳೆಯ ಸಮಯ.