ಎತ್ತಿನ ಗಾಡಿಗೆ ಹಾಕಿದ ನಿಯಮ ಕಾರಿನ ಹತ್ತಿರ ಬಂದು ಸೋತಿದ್ದು ಹೇಗೆ?

ಬೆಂಗಳೂರಿನ ಯಾವುದಾದರೂ ಹಳೇ ಬಡಾವಣೆಯ ಅಡ್ಡರಸ್ತೆಗೆ ಹೋಗಿ ನೋಡಿ. ಒಂದು ಪಕ್ಕ ಕವರ್ ಹೊದ್ದ ಕಾರು. ಅದರ ಮೇಲೆ ಹೊಂಗೆ ಎಲೆ, ಹೂವು ಗುಡ್ಡೆ ಬಿದ್ದಿರುತ್ತದೆ, ಚಕ್ರದ ಸುತ್ತ ಕಸ ಕಟ್ಟಿಕೊಂಡಿರುತ್ತದೆ, ಅಂದ್ರೆ ಗಾಡಿ ಅಲ್ಲಾಡಿ ವಾರಗಳೇ ಆಗಿವೆ. ಎದುರಿಗೆ ಇನ್ನೊಂದು ಸಾಲು. ಮಧ್ಯೆ ಒಂದು ಆಟೋ ನುಸುಳುವಷ್ಟು ಜಾಗ. ಇಂಥ ಕಾರನ್ನು ಪೊಲೀಸರು ಎತ್ತಿಸಬಹುದು ಅಂತ ಎಷ್ಟು ಜನಕ್ಕೆ ಗೊತ್ತು? 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್‌ನಲ್ಲಿ ಅದು ಇದೆ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಸುಮ್ನೆ ಬಿಟ್ಟುಹೋದ ಗಾಡಿಯನ್ನು ಟೋ ಮಾಡಿಸಬಹುದು, ಇಲ್ಲವೇ ಚಕ್ರಕ್ಕೆ ಬೀಗ ಹಾಕಿಸಬಹುದು. ಅಲ್ಲಿ ನೋ ಪಾರ್ಕಿಂಗ್ ಬೋರ್ಡ್ ಇರಲೇಬೇಕು ಅಂತೇನೂ ಇಲ್ಲ.

ಹಾಗಾದರೆ ಯಾಕೆ ಎತ್ತಿಸುವುದಿಲ್ಲ? ಇದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1861ರ ಪೊಲೀಸ್ ಕಾಯ್ದೆ ಬಂದಾಗ ಮೋಟಾರು ಅನ್ನುವುದೇ ಇರಲಿಲ್ಲ. ಬ್ರಿಟಿಷರ ಆ ಕಾಯ್ದೆಯ 34ನೇ ಸೆಕ್ಷನ್ ಊರಿನ ರಸ್ತೆಯಲ್ಲಿ ಏನೇನು ಮಾಡಬಾರದು ಅಂತ ಪಟ್ಟಿ ಕೊಡುತ್ತದೆ. ರಸ್ತೆಯಲ್ಲಿ ಸರಕು ಹರಡಿ ಮಾರುವುದು, ಕಸ ಎಸೆಯುವುದು, ಕುಡಿದು ಬೀಳುವುದು, ಎಲ್ಲ ಅದರಲ್ಲಿದೆ. ನನಗೆ ಮುಖ್ಯ ಅನಿಸುವುದು ಗಾಡಿಯ ವಿಚಾರ. ಸರಕು ಹತ್ತಿಸಲು, ಇಳಿಸಲು, ಇಲ್ಲ ಜನರನ್ನು ಹತ್ತಿಸಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ನಿಲ್ಲಬಹುದು. ಅದಕ್ಕಿಂತ ಜಾಸ್ತಿ ನಿಂತು ಜನಕ್ಕೆ ತೊಂದರೆ ಕೊಟ್ಟರೆ 50 ರೂಪಾಯಿವರೆಗೆ ದಂಡ, ಇಲ್ಲ 8 ದಿನದವರೆಗೆ ಜೈಲು. ಆ ಕಾಲದ 50 ರೂಪಾಯಿ ಅಂದ್ರೆ ಗಾಡಿ ಹೊಡೆಯುವವನ ಹಲವು ತಿಂಗಳ ದುಡಿಮೆ. ಕಾನೂನಿನ ಕಣ್ಣಲ್ಲಿ ರಸ್ತೆ ಇರುವುದು ಓಡಾಡೋಕೆ. ನಿಲ್ಲುವುದಕ್ಕೆ ಕಾರಣ ಬೇಕಿತ್ತು.

ಅದಕ್ಕೂ ಒಂದು ವರ್ಷ ಮೊದಲು, 1860ರ ದಂಡ ಸಂಹಿತೆಯ 283ನೇ ಸೆಕ್ಷನ್ ದಾರಿಗೆ ಅಡ್ಡಿ ಮಾಡಿದವರಿಗೆ 200 ರೂಪಾಯಿವರೆಗೆ ದಂಡ ಅಂತ ಬರೆದಿತ್ತು. ಆ 200 ಹಾಗೇ ಉಳಿಯಿತು. ರಾಜರ ಕಾಲ ಹೋಯಿತು, ಸ್ವಾತಂತ್ರ್ಯ ಬಂತು, ಮೆಟ್ರೋನೂ ಬಂತು, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾಗುವವರೆಗೂ ಅದೇ 200 ರೂಪಾಯಿ. ಈಗ 285ನೇ ಸೆಕ್ಷನ್‌ನಲ್ಲಿ ಅದು 5000 ಆಗಿದೆ. ಸೊನ್ನೆ ಸೇರಿಸೋಕೆ 160 ವರ್ಷಕ್ಕೂ ಜಾಸ್ತಿ ತೆಗೆದುಕೊಂಡೆವು.

ಮೋಟಾರು ವಾಹನ ಕಾಯ್ದೆಯ ಕಥೆಯೂ ಹೀಗೇ ಇದೆ. 1914ರಲ್ಲಿ ಮೊದಲನೆಯದು, 1939ರಲ್ಲಿ ಇನ್ನೊಂದು, 1988ರಲ್ಲಿ ಈಗಿನದು. ಇದರ 201ನೇ ಸೆಕ್ಷನ್ ಸಂಚಾರಕ್ಕೆ ಅಡ್ಡ ನಿಂತ ಗಾಡಿಯದ್ದು. ಮೊದಲು ಅದು ಕೆಟ್ಟು ನಿಂತ ಗಾಡಿಗೆ ಮಾತ್ರ ಇತ್ತು, ದಂಡ ಗಂಟೆಗೆ 50 ರೂಪಾಯಿವರೆಗೆ. 2019ರ ತಿದ್ದುಪಡಿಯಲ್ಲಿ ಕೆಟ್ಟ ಗಾಡಿ ಅನ್ನುವ ಮಿತಿ ತೆಗೆದರು. ಎಲ್ಲ ಗಾಡಿಗೂ ಅನ್ವಯ ಅಂತಾಯಿತು. ಅದು ಒಳ್ಳೆಯದೇ. ಆದರೆ ದಂಡವನ್ನು 500ಕ್ಕೆ ಏರಿಸುವಾಗ ಗಂಟೆಯ ಲೆಕ್ಕವನ್ನು ಬಿಟ್ಟುಬಿಟ್ಟರು. ಅರ್ಧ ಗಂಟೆ ನಿಲ್ಲಿಸಿದವನಿಗೂ ಇಡೀ ದಿನ ನಿಲ್ಲಿಸಿದವನಿಗೂ ಒಂದೇ ಮಿತಿ. ನನ್ನ ಪ್ರಕಾರ ಇದು ದೊಡ್ಡ ತಪ್ಪು, ಯಾಕಂದ್ರೆ ರಸ್ತೆ ಹಾಳಾಗುವುದೇ ಹೊತ್ತಿನಿಂದ.

ಆ ವರ್ಷ ಸೆಪ್ಟೆಂಬರ್ 1ರಿಂದ ಹೊಸ ದಂಡಗಳು ಬಂದವು. ಜನ ಸಿಟ್ಟಾದರು. ಅದೇ ತಿಂಗಳು ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ಇದ್ದ ದಂಡಕ್ಕೆ 50% ರಿಯಾಯಿತಿ ಕೊಟ್ಟರು. ಜನ ಠಾಣೆಗಳ ಮುಂದೆ ಸಾಲುಗಟ್ಟಿದರು, ಸಂಗ್ರಹ ನೂರು ಕೋಟಿ ದಾಟಿತು. ಅದಾದ ಮೇಲೆ ರಿಯಾಯಿತಿ ಮತ್ತೆ ಮತ್ತೆ ಬಂತು. ಒಮ್ಮೆ ಹೀಗೆ ಅಭ್ಯಾಸವಾದ ಮೇಲೆ ದಂಡ ಬಂದ ತಕ್ಷಣ ಯಾರು ಕಟ್ಟುತ್ತಾರೆ? ಮುಂದಿನ ರಿಯಾಯಿತಿಗೆ ಕಾಯುತ್ತಾರೆ, ಅಲ್ವಾ.

ಟೋಯಿಂಗ್ ಇನ್ನೂ ಕೆಟ್ಟ ದಾರಿ ಹಿಡಿಯಿತು. ಖಾಸಗಿ ಗುತ್ತಿಗೆದಾರರ ಲಾರಿ, ಅದರ ಹಿಂದೆ ನಿಂತ ಹುಡುಗರು, ಮುಂದೆ ಒಬ್ಬ ಪೊಲೀಸ್. ಎತ್ತುವ ಮೊದಲು ಮೈಕಿನಲ್ಲಿ ಗಾಡಿ ನಂಬರ್ ಕೂಗಬೇಕು ಅಂತ ಇತ್ತು. ಕೂಗದೇ ಎತ್ತುತ್ತಾರೆ, ಮಾಲೀಕ ಓಡಿ ಬಂದರೂ ಇಳಿಸುವುದಿಲ್ಲ, ಎತ್ತಿ ಹಾಕುವಾಗ ಗಾಡಿ ಗೀಚಿಹೋಗುತ್ತದೆ ಅಂತ ದೂರುಗಳು ಬಂದವು. ಎತ್ತಿದ ಗಾಡಿಗಿಷ್ಟು ಅಂತ ಗುತ್ತಿಗೆದಾರನಿಗೆ ದುಡ್ಡು ಸಿಗುವಾಗ, ಎತ್ತೋಕೆ ಸುಲಭವಾದ ಸ್ಕೂಟರ್ ಮೊದಲು ಹೋಗುತ್ತದೆ, ದೊಡ್ಡ ಕಾರು ಅಲ್ಲೇ ಇರುತ್ತದೆ. 2022ರ ಫೆಬ್ರುವರಿಯಲ್ಲಿ ಸರ್ಕಾರ ಟೋಯಿಂಗ್ ನಿಲ್ಲಿಸಿತು. ರೀತಿ ಸರಿ ಇರಲಿಲ್ಲ ನಿಜ, ಆದರೆ ರೀತಿಯನ್ನು ಸರಿ ಮಾಡುವ ಬದಲು ಕೆಲಸವನ್ನೇ ಕೈಬಿಟ್ಟರು.

ಇದೇ ರಸ್ತೆಯಲ್ಲಿ ಕೂತು ಹೂವು, ಸೊಪ್ಪು ಮಾರುವವರ ಕಥೆ ಬೇರೆ. ರಸ್ತೆ ತೆರವು ಅಂದ ತಕ್ಷಣ ಮೊದಲು ಲಾರಿ ಹತ್ತುವುದು ಅವರ ಬುಟ್ಟಿ, ತಕ್ಕಡಿ. 1989ರಲ್ಲಿ ಸೋಡನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀದಿಯಲ್ಲಿ ವ್ಯಾಪಾರ ಮಾಡುವುದೂ ಹಕ್ಕೇ, ನಿಯಮ ಹಾಕಬಹುದು ಅಷ್ಟೇ ಅಂತ ಹೇಳಿತು. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಎಬ್ಬಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು, ಜನಸಂಖ್ಯೆಯ 2.5%ವರೆಗಿನ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಅನ್ನುತ್ತದೆ ಅದು. ಹೂವಿನ ಬುಟ್ಟಿ ಹಿಡಿಯುವ ಜಾಗ ಮೂರಡಿ. ಸಂಜೆ ಮಾಲೆ ಖಾಲಿಯಾದರೆ ಅವರು ಎದ್ದು ಹೋಗುತ್ತಾರೆ. ಕಾರು ಹೋಗುವುದಿಲ್ಲ.

ಪ್ರತಿಭಟನೆಗಳನ್ನೂ ರಸ್ತೆಯಿಂದ ಒಳಗೆ ಕಳಿಸಿದ್ದಾಗಿದೆ. 2021ರ ಆದೇಶದ ನಂತರ ಬೆಂಗಳೂರಲ್ಲಿ ಧರಣಿ, ಮೆರವಣಿಗೆ ಅಂದ್ರೆ ಫ್ರೀಡಂ ಪಾರ್ಕ್ ಮಾತ್ರ, ಅಂದ್ರೆ ತುರ್ತುಪರಿಸ್ಥಿತಿಯಲ್ಲಿ ನಾಯಕರನ್ನು ಕೂಡಿಹಾಕಿದ್ದ ಹಳೇ ಸೆಂಟ್ರಲ್ ಜೈಲಿನ ಆವರಣ. ಆಂಬುಲೆನ್ಸ್ ಸಿಕ್ಕಿಕೊಳ್ಳಬಾರದು ಅನ್ನುವ ಕಾರಣ ನನಗೂ ಒಪ್ಪಿಗೆ. ಆದರೆ ಅದೇ ಆಂಬುಲೆನ್ಸ್ ದಿನವೂ ಸಿಕ್ಕಿಕೊಳ್ಳುವುದು ಡಬಲ್ ಪಾರ್ಕಿಂಗ್ ಮಾಡಿದ ರಸ್ತೆಗಳಲ್ಲಿ.

ಜಪಾನ್ 1962ರಲ್ಲೇ ಇದಕ್ಕೆ ಕಾನೂನು ಮಾಡಿತು. ಕಾರು ನೋಂದಣಿ ಆಗಬೇಕಾದರೆ ಅದನ್ನು ನಿಲ್ಲಿಸೋಕೆ ರಸ್ತೆ ಬಿಟ್ಟು ಬೇರೆ ಜಾಗ ಇದೆ ಅಂತ ಪೊಲೀಸರಿಂದ ಪ್ರಮಾಣಪತ್ರ ತರಬೇಕು, ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು. ಟೋಕಿಯೋದ ಗಲ್ಲಿಗಳು ನಮ್ಮ ಅಡ್ಡರಸ್ತೆಗಿಂತ ಕಿರಿದು, ಆದರೂ ಖಾಲಿ. ಕರ್ನಾಟಕದಲ್ಲೂ ಈ ಮಾತು ಒಂದೆರಡು ಸಲ ಬಂದು ಹೋಗಿದೆ. ಅಷ್ಟರಲ್ಲಿ ಬೆಂಗಳೂರಿನ ವಾಹನಗಳು ಒಂದು ಕೋಟಿ ದಾಟಿವೆ.

ನಮ್ಮ ಕೈಲಿ ಏನೂ ಇಲ್ಲ ಅಂತಲ್ಲ. 2021ರಲ್ಲಿ ಒಪ್ಪಿಗೆಯಾದ ಪಾರ್ಕಿಂಗ್ ನೀತಿ 2.0 ಇದೆ. ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸೋಕೆ ವರ್ಷದ ಪರ್ಮಿಟ್, ಚಿಕ್ಕ ಕಾರಿಗೆ 1000, ದೊಡ್ಡದಕ್ಕೆ 5000 ರೂಪಾಯಿ. ದಿನಕ್ಕೆ ಲೆಕ್ಕ ಹಾಕಿದರೆ ದೊಡ್ಡ ಕಾರಿಗೂ 14 ರೂಪಾಯಿ ದಾಟುವುದಿಲ್ಲ, ಒಂದು ಲೋಟ ಕಾಫಿಯ ದುಡ್ಡು. ಅದೂ ಕಾಗದದಲ್ಲೇ ಉಳಿದಿದೆ. ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆ ಆಗಿವೆ. ಪ್ರತಿ ಪಾಲಿಕೆ ಒಂದೊಂದು ವಾರ್ಡಿನಲ್ಲಾದರೂ ಪರ್ಮಿಟ್ ಶುರು ಮಾಡಲಿ, ಬಂದ ದುಡ್ಡನ್ನು ಅದೇ ವಾರ್ಡಿನ ಫುಟ್‌ಪಾತಿಗೆ ಹಾಕಲಿ, ಪರ್ಮಿಟ್ ಇಲ್ಲದೆ ದಿನಗಟ್ಟಲೆ ನಿಂತ ಗಾಡಿಗೆ 127ನೇ ಸೆಕ್ಷನ್ ಪ್ರಕಾರ ಬೀಗ ಹಾಕಲಿ. ಈ ಬೀಗಕ್ಕೆ ಹೊಸ ಕಾನೂನೇನೂ ಬೇಕಿಲ್ಲ.